ಎಡಗೈ ತೋರುಬೆರಳು

ವಿಜಯವಾಡದ ಗನ್ನವರಂ ವಿಮಾನ ನಿಲ್ದಾಣದ ತಪಾಸಣೆ ಸಾಲಿನಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ತಡ, ಬ್ಯಾಂಕ್ ಮ್ಯಾನೇಜರ್ ಚಂದ್ರಮೌಳಿ ಮೊಬೈಲನ್ನು ಜೇಬಿಗಿಳಿಸಿದರು. ಮುಂದೆ ನಿಂತಿದ್ದ ಹೆಂಗಸು ಮತ್ತು ಹುಡುಗನ ಕೊರಳಲ್ಲಿ ಪ್ರಜಾಪ್ರಭುತ್ವ, ಆರ್ಥಿಕ ಅವಕಾಶ ಅಂತೆಲ್ಲ ಸಂಶೋಧನೆ ಮಾಡುವ ಕೇಂದ್ರವೊಂದರ ಗುರುತಿನ ಚೀಟಿ ತೂಗುತ್ತಿತ್ತು.

"ಅಚ್ಯುತಾಪುರಂ ಸರ್ವೇ ಮುಗೀತಾ ಸುಮಂತ್?"

"ಮುಗೀತು ಮೇಡಂ. ಫ್ಯಾಕ್ಟರಿ ಹೆಂಗಸರು ನಾನೂರು ಜನ. ಯಾಕೆ ವೋಟ್ ಹಾಕಕ್ಕೆ ಹೋಗ್ಲಿಲ್ಲ ಅಂತ ಕೇಳಿದ್ವಿ."

"ಏನಂದ್ರು?"

"ವೋಟು ಊರಲ್ಲಿದೆ, ಹೋಗಿಬರಕ್ಕೆ ಎರಡು ದಿನ ಬೇಕು, ಅಷ್ಟು ರಜಾ ಯಾರು ಕೊಡ್ತಾರೆ ಅಂದ್ರು. ಗಂಗಾಭವಾನಿ ಅಂತ ಒಬ್ಬಾಕೆ ಮಾತ್ರ, ಮೊದಲು ನಿಮ್ಮ ಬೆರಳು ತೋರಿಸಿ ಬಾಬೂ ಅಂದ್ಲು."

"ತೋರಿಸಿದ್ಯಾ?"

"ಏನಂತ ತೋರಿಸ್ಲಿ ಮೇಡಂ? ಮತದಾನದ ದಿನಾನೇ ಅಷ್ಟು ದೂರ ಹೋಗಿ ಕೇಳ್ಬೇಕು ಅಂತ ನೀವೇ ಕಳಿಸಿದ್ರಿ. ನನ್ನ ವೋಟು ಇಲ್ಲಿ, ವಿಜಯವಾಡದಲ್ಲಿ."

ಮೇಡಂ ಬ್ಯಾಗನ್ನು ಒಂದು ಹೆಜ್ಜೆ ಮುಂದೆ ತಳ್ಳಿದರು.

"ಫಾರಂನಲ್ಲಿ ಏನಂತ ಬರೆದೆ?"

"ಉತ್ತರ ಕೊಡಲಿಲ್ಲ ಅಂತ."

"ಆಕೆನಾ?"

"ನಾನು ಮೇಡಂ."

"ಆ ಫಾರಂ ತೆಗೆದುಬಿಡು. ವರದಿಗೆ ಮುನ್ನೂರ ತೊಂಬತ್ತೊಂಬತ್ತು ಸಾಕು."

ಮೇಡಂ ಹೆಂಗಸರ ಸಾಲಿಗೆ ಹೋದರು. ಸುಮಂತ್ ತಪಾಸಣೆ ದಾಟಿ ಮರೆಯಾದ.

ಚಂದ್ರಮೌಳಿಯವರಿಗೆ ವಿಜಯವಾಡಕ್ಕೆ ವರ್ಗವಾಗಿ ಒಂಬತ್ತು ವರ್ಷ. ಅವರ ವೋಟು ಇನ್ನೂ ತಮ್ಮೂರು ದಾವಣಗೆರೆಯಲ್ಲೇ ಇತ್ತು. ಭದ್ರತಾ ಸಿಬ್ಬಂದಿ ಎರಡೂ ಕೈ ಚಾಚಲು ಹೇಳಿದಾಗ ಅವರು ಎಡಗೈಯನ್ನು ಮುಷ್ಟಿ ಕಟ್ಟಿಕೊಂಡೇ ಚಾಚಿದರು.