ಡ್ರೈವರ್ ಸೇರಿ ನಾಲ್ಕು

ದಾರಿ ಹೊರಟವರ ಹಿಂದೆಯೂ ಮುಂದೆಯೂ ನಡೆದು ಕಾಯುವ ಕರುಣಾಳು ಭಗವಂತನಿಗೆ ಮೊದಲು ಕೈಮುಗಿದು ಈ ಮಾತು ಹೇಳುತ್ತೇನೆ. ದೀಪ ಸ್ವಲ್ಪ ಸಣ್ಣದು ಮಾಡಿ. ಬಾಗಿಲು ಹಾಕಿದ್ದೀರಲ್ಲ? ಸರಿ.

ಇದು ಕಟ್ಟುಕತೆಯಲ್ಲ. ನಮ್ಮ ಪಕ್ಕದ ಮನೆಯ ಕನ್ನಡಕದಂಗಡಿಯವರಿಗೆ ಆದದ್ದು. ದಿನವಿಡೀ ಊರವರ ಕಣ್ಣು ಪರೀಕ್ಷೆ ಮಾಡುವ ಮನುಷ್ಯ. ಇಲ್ಲದ್ದನ್ನು ಕಂಡೆ ಎನ್ನುವ ಪೈಕಿ ಅಲ್ಲ.

ಆ ರಾತ್ರಿ ಅಂಗಡಿಯ ಶಟರ್ ಎಳೆದು ಮನೆಗೆ ಹೊರಟಾಗ ಬೀದಿ ಖಾಲಿ. ಕಾಲವೇ ಹಾಗಿತ್ತು. ಬೆಳಿಗ್ಗೆ ತೆರೆದಿದ್ದ ರಸ್ತೆ ಸಂಜೆಗೆ ಮುಚ್ಚಿರುತ್ತಿತ್ತು. ಸಂಜೆ ಇದ್ದ ನೆಟ್‌ವರ್ಕು ರಾತ್ರಿ ಇರುತ್ತಿರಲಿಲ್ಲ. ಯಾಕೆಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ.

ಬೀದಿಯ ಕೊನೆಗೆ ಹಳೇ ಬಾವಿ. ಮೇಲೆ ಕಬ್ಬಿಣದ ಜಾಲರಿ, ಪಕ್ಕದಲ್ಲೊಂದು ದೊಡ್ಡ ಆಲದ ಮರ. ಆ ಮರದಡಿ ಹಿಂದೆ ಅವರ ಅಣ್ಣನ ಬಾಡಿಗೆ ವ್ಯಾನು ನಿಲ್ಲುತ್ತಿತ್ತು. ಬಾಗಿಲಲ್ಲಿ ತಲೆ ತಗ್ಗಿಸದೆ ಎಲ್ಲಿಗೂ ಹೋಗಲಾಗದ ಎತ್ತರದ ಆಳು. ಬೀದಿಗೆಲ್ಲ ಲಂಬಣ್ಣ. ಹೋದ ಚಳಿಗಾಲದಲ್ಲಿ ಜ್ವರ ಬಂದು ತೀರಿಕೊಂಡರು, ವ್ಯಾನು ಗುಜರಿಗೆ ಹೋಯಿತು. ಈಗ ಅಲ್ಲಿ ಬಿಳಿ ಬಣ್ಣದ ಚೌಕ ಬಳಿದಿದ್ದಾರೆ. ಡ್ರೈವರ್ ಇಲ್ಲದ ಕಾರುಗಳು ಬಂದು ನಿಲ್ಲುವ ಜಾಗ.

ಚೌಕ ದಾಟುವಾಗ ಬೆನ್ನ ಹಿಂದೆ ಸದ್ದು.

ಝಣ್… ಝಣ್…

ಬೀಗದ ಕೈ ಗೊಂಚಲನ್ನು ಯಾರೋ ಬೆರಳಿಗೆ ಸಿಕ್ಕಿಸಿ ತಿರುಗಿಸುವ ಹಾಗೆ. ಬಾಡಿಗೆ ಕಾಯುವಾಗ ಲಂಬಣ್ಣ ಹಾಗೇ ತಿರುಗಿಸುತ್ತಿದ್ದರು. ಇವರು ತಿರುಗಿ ನೋಡಲಿಲ್ಲ. ದೇವರ ಹೆಸರು ಹೇಳಿಕೊಂಡು ಕಾಲು ಕಿತ್ತರು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ಆಕೆ ದೊಡ್ಡಾಸ್ಪತ್ರೆಯ ನರ್ಸು. ಎರಡು ವರ್ಷ ಕಾದ ಮೇಲೆ ರಜೆ ಸಿಕ್ಕಿತ್ತು. ಬೆಟ್ಟದಾಚೆ ಸಮುದ್ರದ ದಂಡೆಯಲ್ಲಿ ಒಂದು ಕೋಣೆಯೂ ಸಿಕ್ಕಿತ್ತು.

"ರೀ, ಬೆಳಗಾದ್ರೆ ಬೆಟ್ಟದ ಗೇಟ್ ಮುಚ್ತಾರಂತೆ. ಮತ್ತೆ ಯಾವಾಗ ತೆಗೀತಾರೋ ಗೊತ್ತಿಲ್ವಂತೆ. ಈಗ್ಲೇ ಹೊರಡೋಣ."

"ಈಗ್ಲಾ? ಊಟ?"

"ಹೊಟ್ಟೆ ಎಲ್ಲೂ ಓಡಿ ಹೋಗಲ್ಲ. ಈ ಸಲ ತಪ್ಪಿದ್ರೆ ನನಗೆ ತಲೆ ಕೆಡತ್ತೆ, ಹೇಳಿದೀನಿ. ಆ ವಾರ್ಡಿನ ವಾಸನೆ ಒಂದ್ಸಲ ಮೂಗಿಂದ ಹೋಗ್ಬೇಕು."

ಆಕೆ ಆಗಲೇ ಸೂಟ್‌ಕೇಸು ಹೊಸ್ತಿಲಿಗೆ ತಂದಿಟ್ಟಿದ್ದರು. ಅದನ್ನು ಕಂಡು ಇವರು ಮಾತು ಬೆಳೆಸಲಿಲ್ಲ. ಫೋನು ತೆಗೆದು ನೋಡಿದರೆ ಊರಿಗೆಲ್ಲ ಉಳಿದಿದ್ದದ್ದು ಒಂದೇ ಕಾರು. ಗಡಿಬಿಡಿಯಲ್ಲಿ ಒತ್ತಿದರು.

ಬಾವಿಯ ಹತ್ತಿರ ಕಾರು ಬಂದು ನಿಂತಿತ್ತು. ಮುಂದೆ ಒಂದೇ ಸೀಟು, ಅದರೆದುರು ಗೂಡಿನೊಳಗೆ ಮಡಚಿಟ್ಟ ಸ್ಟೀರಿಂಗು. ಮೂವರೂ ಹಿಂದೆ ಕೂತರು. ಗಂಡ, ಹೆಂಡತಿ, ನಡುವೆ ಪುಟ್ಟ ಮಗಳು ಗುಬ್ಬಿ. ಕಾರು ಮೆತ್ತಗೆ ಮಾತಾಡಿತು.

"ನಾಲ್ವರಲ್ಲಿ ಮೂವರು ಹತ್ತಿದ್ದೀರಿ. ಇನ್ನೊಬ್ಬರಿಗೆ ಕಾಯುತ್ತಿದ್ದೇನೆ."

ಹೆಂಡತಿ ಗಂಡನ ಮುಖ ನೋಡಿದರು. "ನಾಲ್ಕು ಅಂತ ಹಾಕಿದ್ರಾ? ಯಾರು ಬರ್ತಿದಾರೆ, ಕನ್ನಡಕ ಹಾಕಿರೋ ನಿಮ್ಮ ಅಂಗಡಿ ಗೊಂಬೆನಾ?"

"ಅಭ್ಯಾಸ ಕಣೇ…"

ಅಭ್ಯಾಸವೇ. ಪ್ರತಿ ರಜೆಗೂ ಕರೆದುಕೊಂಡು ಹೋಗುತ್ತಿದ್ದದ್ದು ಲಂಬಣ್ಣ. ಟೋಲಿನಲ್ಲಿ, ಹೋಟೆಲಿನಲ್ಲಿ, ಎಲ್ಲಿ ಎಷ್ಟು ಜನ ಎಂದು ಕೇಳಿದರೂ ಕಿಟಕಿಯಿಂದ ತಲೆ ಹಾಕಿ ಒಂದೇ ಉತ್ತರ: "ಡ್ರೈವರ್ ಸೇರಿ ನಾಲ್ಕು." ಆ ಲೆಕ್ಕ ಈ ಮನೆಯವರ ನಾಲಿಗೆಗೆ ಅಂಟಿಬಿಟ್ಟಿತ್ತು. ಡ್ರೈವರೇ ಇಲ್ಲದ ಕಾರಿಗೂ ಡ್ರೈವರನ್ನು ಸೇರಿಸಿ ಎಣಿಸಿದ್ದರು.

ಫೋನಿನಲ್ಲಿ ಲೆಕ್ಕ ಬದಲಾಯಿಸಲು ಹೋದರೆ ಕಾರು ಕೈತಪ್ಪಿ ಸರತಿಯಲ್ಲಿ ಕಾದಿದ್ದ ಬೇರೆಯವರಿಗೆ ಹೋಗುತ್ತಿತ್ತು. ಮುಂದಿನ ಸೀಟಿನ ಮೇಲೆ ಸೂಟ್‌ಕೇಸು ಇಟ್ಟರು. "ಸಾಮಾನನ್ನು ದಯವಿಟ್ಟು ಹಿಂದೆ ಇಡಿ" ಎಂದಿತು. ಹೆಂಡತಿಗೆ ನಗುವೂ ಬಂತು, ಅಳುವೂ ಬಂತು.

"ಹೋಯ್ತು ಬಿಡಿ… ನಮ್ಮ ಹಣೇಲಿ ಇಲ್ಲ."

ಗುಬ್ಬಿ ಕಿಟಕಿಯ ಗಾಜಿಗೆ ಮೂಗು ಒತ್ತಿ ಬಾವಿಯ ಕಡೆ ನೋಡುತ್ತಿದ್ದಳು. ಪಿಸುಗುಟ್ಟಿದಳು.

"ದೊಡ್ಡಪ್ಪ, ಬನ್ನಿ. ನೀವೊಬ್ರೇ ಬಾಕಿ."

ಝಣ್… ಝಣ್…

ಮುಂದಿನ ಬಾಗಿಲು "ಉಸ್ಸ್" ಎಂದು ತೆರೆದುಕೊಂಡಿತು. ಯಾರೂ ಕಾಣಲಿಲ್ಲ. ಕಾರು ಮಾತ್ರ ಒಂದು ಪಕ್ಕಕ್ಕೆ ಸ್ವಲ್ಪ ವಾಲಿತು. ಸೀಟು "ಗುಂಯ್…" ಎನ್ನುತ್ತ ಹಿಂದೆ ಸರಿಯಿತು. ಇನ್ನೂ ಸರಿಯಿತು. ಇವರ ಮೊಣಕಾಲಿಗೆ ತಾಗುವ ತನಕ. ಬೆಲ್ಟು ಸರ್ರನೆ ಎಳೆದುಕೊಂಡಿತು.

ಕಟಕ್.

"ನಾಲ್ವರೂ ಹತ್ತಿದ್ದೀರಿ. ಹೊರಡೋಣ."

"ರೀ… ಇಳಿಯೋಣ್ವಾ?"

"ಬಾಗಿಲು ಮುಟ್ಟೋ ಧೈರ್ಯ ನಿನಗಿದ್ಯಾ?"

ಇರಲಿಲ್ಲ. ಹೆಂಡತಿ ಗಂಡನ ಮಣಿಕಟ್ಟು ಹಿಡಿದರು, ರೋಗಿಯ ನಾಡಿ ಹಿಡಿದ ಹಾಗೆ. ಇವರ ಬಾಯಲ್ಲಿ ದೇವರ ನಾಮ. ಹಾಗೇ ಬೆಟ್ಟದ ಬುಡ ಬಂತು.

ಗೇಟಿನ ಹತ್ತಿರ ಕಾರುಗಳು ಒಂದೊಂದಾಗಿ ವಾಪಸು ತಿರುಗುತ್ತಿದ್ದವು. ಕಾವಲಿನವನು ಕಿಟಕಿಗೆ ಬಗ್ಗಿದ.

"ಹೊಸ ಆರ್ಡರು ಸಾರ್. ಮೇಲೆ ನೆಟ್‌ವರ್ಕ್ ತೆಗೆದಿದಾರೆ. ಡ್ರೈವಿಂಗ್ ಗೊತ್ತಿರೋರು ಒಬ್ರು ಮುಂದೆ ಕೂತಿರ್ಬೇಕು. ಇಲ್ದಿದ್ರೆ ಬಿಡಲ್ಲ."

ಗಂಡ ಹೆಂಡತಿ ಇಬ್ಬರಿಗೂ ಡ್ರೈವಿಂಗ್ ಬರುತ್ತಿರಲಿಲ್ಲ. ಲಂಬಣ್ಣ ಇದ್ದಾಗ ಕಲಿಯುವ ದರ್ದು ಯಾರಿಗಿತ್ತು? ಹೆಂಡತಿ ಕಣ್ಣು ಮುಚ್ಚಿಕೊಂಡರು. ಕಾವಲಿನವನು ಟಾರ್ಚನ್ನು ಮುಂದಿನ ಸೀಟಿಗೆ ಹಾಯಿಸಿದ. ಒಂದು ಗಳಿಗೆ ನಿಂತ. ತಟಕ್ಕನೆ ಬೆಳಕು ತಗ್ಗಿಸಿದ.

"ಓ… ಇದಾರಲ್ಲ. ಎಷ್ಟು ಜನ?"

ಇವರ ಬಾಯಿಂದ ಮಾತು ತಾನಾಗಿ ಬಂತು.

"ಡ್ರೈವರ್ ಸೇರಿ… ನಾಲ್ಕು."

"ಹೋಗಿ. ಪಾಪ, ಅಣ್ಣಂಗೆ ಕಾಲು ಚಾಚೋಕೂ ಜಾಗ ಇಲ್ಲ."

ಗೇಟು ಕಿರ್ರೆಂದು ಮೇಲೆದ್ದಿತು.

ಬೆಟ್ಟದ ಮೊದಲ ತಿರುವಿನಲ್ಲೇ ಕಾರಿನ ಪರದೆ ಆರಿತು. ನೆಟ್‌ವರ್ಕ್ ಹೋದರೆ ಆ ಕಾರುಗಳು ರಸ್ತೆಯ ಬದಿಗೆ ಸರಿದು ನಿಂತುಬಿಡುತ್ತವೆ. ಇದು ನಿಲ್ಲಲಿಲ್ಲ. ಕತ್ತಲಲ್ಲಿ ಸ್ಟೀರಿಂಗು ಬಿಚ್ಚಿಕೊಂಡ ಸದ್ದು… ಕರ್… ಕರ್… ಟಕ್. ಆಮೇಲೆ ತಿರುವು ಬಂದಾಗೆಲ್ಲ ಗೊಂಚಲಿನ ಝಣ್. ಆ ಕಾರಿಗೆ ಬೀಗದ ಕೈಯೇ ಇಲ್ಲ, ನೆನಪಿರಲಿ. ಗುಬ್ಬಿ ಮುಂದಿನ ಸೀಟಿನ ಬೆನ್ನಿಗೆ ಕಾಲು ಒತ್ತಿಕೊಂಡು, ವ್ಯಾನಿನಲ್ಲಿ ಮಲಗುತ್ತಿದ್ದ ಹಾಗೇ ನಿದ್ದೆ ಹೋದಳು. ದೊಡ್ಡವರಿಬ್ಬರೂ ರೆಪ್ಪೆ ಮುಚ್ಚಲಿಲ್ಲ.

ಬೆಳಕು ಹರಿಯುವಾಗ ಸಮುದ್ರ ಕಂಡಿತು. ಕಾರು ನಿಂತಿತು. ಸಾಮಾನು ಇಳಿಸಿದರು. ಹೆಂಡತಿ ಉಪ್ಪುಗಾಳಿಯನ್ನು ಎದೆ ತುಂಬ ಎಳೆದುಕೊಂಡರು. ಆಮೇಲೆ ಖಾಲಿ ಸೀಟಿನ ಕಡೆ ತಿರುಗಿ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದರು.

"ಭಾವ… ಸ್ವಲ್ಪ ಹೊತ್ತು ಕೂತು ಹೋಗಿ?"

ಕಾರಿನ ಟಾಪಿನ ಮೇಲೆ ಎರಡು ಏಟು. ಟಪ್… ಟಪ್. ಬಾಡಿಗೆ ಮುಗಿದಾಗ ಲಂಬಣ್ಣ ಹಾಗೇ ಬಡಿಯುತ್ತಿದ್ದರು. ಕಾರು ತಿರುಗಿ, ಬಂದ ದಾರಿಯಲ್ಲೇ ಹೋಯಿತು.

ನಂಬದವರು ಅವರ ಅಂಗಡಿಗೆ ಹೋಗಿ ಕೇಳಿ. ಮಸೂರ ಒರೆಸುತ್ತ ಇಷ್ಟೇ ಹೇಳುತ್ತಾರೆ. ವಾಪಸು ಹೋಗುವ ಕಾರಿನಲ್ಲಿ ಯಾರೂ ಕಾಣಲಿಲ್ಲ. ಸೀಟು ಕೊನೆಯ ತನಕ ಹಿಂದೆ ಸರಿದಿತ್ತು. ಬೆಲ್ಟು ಹಾಕಿಯೇ ಇತ್ತು, ತುಂಬಿದ ಎದೆಯ ಮೇಲೆ ಕೂತ ಹಾಗೆ ಉಬ್ಬಿಕೊಂಡು. ಇದು ನಡೆದದ್ದು. ದೇವರಾಣೆ.

ಕೇಳಿದ ನಿಮ್ಮೆಲ್ಲರನ್ನೂ ಆ ಭಗವಂತ ಹೊರಟ ಊರು ಮುಟ್ಟಿಸಲಿ, ಮುಟ್ಟಿದ ಮೇಲೆ ಮನೆಗೆ ಮರಳಿಸಲಿ. ನಿಮ್ಮ ಲೆಕ್ಕದಲ್ಲಿ ಒಬ್ಬರೂ ಕಡಿಮೆಯಾಗದಿರಲಿ.