ಮೆಡೆರಿಕ್ ಬಿಟ್ಟುಹೋದ ಒಂದು ಪೆಟ್ಟು

ಅಕ್ಟೋಬರಿನ ಕೊನೆಯ ವಾರ. ಸಾಂ ಮೋರಿಸ್ ಹೊಳೆಯ ಮೇಲೆ ಮೂರು ದಿನದಿಂದ ಮಳೆ ಹಿಡಿದಿತ್ತು, ಸಂಜೆ ಐದಕ್ಕೇ ಕತ್ತಲು. ಎಕ್ಸಿಲ್ಡಾ ಅಜ್ಜಿಯ ಅಡುಗೆಮನೆಯಲ್ಲಿ ನಾವು ಏಳೆಂಟು ಮಂದಿ ಬಟಾಣಿ ಸಾರು ಮುಗಿಸಿ, ಒಲೆಯ ಸುತ್ತ ಕುರ್ಚಿ ಎಳೆದುಕೊಂಡು ಕೂತಿದ್ದೆವು. ಅಜ್ಜಿಗೆ ಎಂಬತ್ತನಾಲ್ಕು, ನಾಲಗೆಗೆ ಮಾತ್ರ ವಯಸ್ಸಾಗಿರಲಿಲ್ಲ. ಅವಳ ಮೊಮ್ಮಗ ರೆಜಾನ್ ಗೋಡೆಯ ಮೇಲಿದ್ದ ಪಿಟೀಲನ್ನೂ ಅದರ ಕಮಾನನ್ನೂ ಇಳಿಸಿ ಅವಳ ತೊಡೆಯ ಮೇಲಿಟ್ಟ.

"ಅಜ್ಜಿ, ಮೆಡೆರಿಕ್‌ನ ಮಟ್ಟು ಕಲಿಸಿಕೊಡು. ಒಂದು ಕುಂಟು ಮಟ್ಟಿಗೆ ಇಷ್ಟೊಂದು ಬಿಗುಮಾನ ಯಾಕೆ?"

"ಕುಂಟು ನಿನ್ನ ತಲೆ!" ಅಂದಳು ಅಜ್ಜಿ. "ಮೊದಲು ಅದು ಎಲ್ಲಿಂದ ಬಂತು ಅಂತ ಕೇಳು. ಕೇಳಿದ ಮೇಲೂ ಕಲೀಬೇಕು ಅನ್ನಿಸಿದ್ರೆ ಅದು ನಿನ್ನ ಹಣೆಬರಹ."

ಕಮಾನನ್ನು ಪಕ್ಕಕ್ಕಿಟ್ಟು, ತೂಗುಕುರ್ಚಿಯನ್ನು ಕಾಲಿನಿಂದ ತಡೆದು ನಿಲ್ಲಿಸಿ, ಅವಳು ಹೇಳತೊಡಗಿದಳು.

"ನಮ್ಮಪ್ಪನ ಕಾಲದ ಮಾತು ಕಣ್ರಪ್ಪಾ. ಆಗ ಗಂಡಸರು ಚಳಿಗಾಲ ಪೂರ್ತಿ ಕಾಡಲ್ಲಿ ಮರ ಕಡಿಯೋರು, ಹಿಮ ಕರಗಿದ ಮೇಲೆ ದಿಮ್ಮಿಗಳನ್ನ ಹೊಳೇಲಿ ತೇಲಿಸ್ಕೊಂಡು ಊರಿಗೆ ಬರೋರು. ಆ ಗುಂಪಲ್ಲಿ ಮೆಡೆರಿಕ್ ಅಂತ ಒಬ್ಬ. ಕೈಯಲ್ಲಿ ಪಿಟೀಲು, ಕಾಲಲ್ಲಿ ತಾಳ... ಅವನು ಕುರ್ಚೀಲಿ ಕೂತು ಹಿಮ್ಮಡಿ, ಮುಂಗಾಲು ನೆಲದ ಹಲಗೆಗೆ ಬಡಿಯೋಕೆ ಶುರುಮಾಡಿದ್ರೆ ಸತ್ತೋನೂ ಎದ್ದು ಕುಣೀಬೇಕು ಅನ್ನೋರು ಜನ. ಬಾಯಿಗೆ ಬಂದದ್ದು ಆಡಿಬಿಡ್ತಾರೆ, ಯಾರು ಕೇಳಿಸ್ಕೋತಿದಾರೆ ಅಂತ ನೋಡ್ತಾರಾ?

"ಒಂದು ಭಾನುವಾರ ಗುಡಾರದ ಮುಂದೆ ಕೂತು ಅವನು ಹೊಸ ಮಟ್ಟು ಕಟ್ತಿದ್ದ. ಪಕ್ಕದಲ್ಲಿ ನಮ್ಮಪ್ಪ, ಕಿವೀಲೇ ಕಲೀತಾ ಕೂತಿದ್ದ. ಮೊದಲನೇ ಭಾಗ ಆಯ್ತು, ಎರಡನೇದೂ ಮುಗೀತಾ ಬಂತು, ಇನ್ನು ತಾಳದ ಒಂದೇ ಒಂದು ಪೆಟ್ಟು ಬಾಕಿ... ಅಷ್ಟರಲ್ಲಿ ಕೆಳಗಿಂದ ಕೂಗು ಬಂತು, ದಿಮ್ಮಿ ಸಿಕ್ಕಾಕ್ಕೊಂಡಿದೆ ಬನ್ರೋ ಅಂತ. ಕಮಾನು ಇಟ್ಟು ಓಡಿದ. ಅವನು ಕೊಕ್ಕೆ ಹಾಕಿ ಎಳೆದ ದಿಮ್ಮೀನೇ ಅವನನ್ನ ನೀರೊಳಕ್ಕೆ ಎಳ್ಕೊಂಡು ಹೋಯ್ತು. ಒಂಬತ್ತು ದಿನ ಆದ ಮೇಲೆ ಹೆಣ ಸಿಕ್ತು... ಬರಿಗಾಲಲ್ಲಿ. ಹೊಳೇಲಿ ಸತ್ತೋನನ್ನ ದಂಡೇಲೇ ಹೂತು, ಅವನ ಬೂಟುಗಳನ್ನ ಪಕ್ಕದ ಮರಕ್ಕೆ ನೇತು ಹಾಕ್ತೀವಲ್ಲ? ಬೂಟು ಮರದ ಮೇಲಿದ್ರೆ ಸತ್ತೋನು ತಿರುಗಾಡಲ್ಲ ಅಂತ. ಮೆಡೆರಿಕ್‌ಗೆ ನೇತು ಹಾಕೋಕೆ ಬೂಟೇ ಇರಲಿಲ್ಲ.

"ಅಪ್ಪ ಆ ಮಟ್ಟನ್ನ ಮನೆಗೆ ತಂದ, ಕಲಿತಷ್ಟೇ ತಂದ. ಆ ಒಂದು ಪೆಟ್ಟು ಬರೋ ಜಾಗದಲ್ಲಿ ಕಮಾನು ಎತ್ತೋನು, ಎರಡೂ ಕಾಲು ಎತ್ತೋನು. 'ಅದು ಅವನ ಜಾಗ, ಅಲ್ಲಿ ಯಾರೂ ಕಾಲಿಡಬಾರದು' ಅಂತ ನನಗೂ ನಮ್ಮಣ್ಣ ವಿಲ್ಬ್ರೋಗೂ ಕಿವಿ ಹಿಂಡಿ ಹೇಳ್ಕೊಟ್ಟ. ಅಪ್ಪ ಹೋದ ಮೇಲೆ ಅಣ್ಣ ಪಿಟೀಲು ಬಾರಿಸ್ತಿದ್ದ, ನಾನು ಪಕ್ಕ ಕೂತು ಕಾಲಲ್ಲಿ ತಾಳ ಹಾಕ್ತಿದ್ದೆ. ಅವನಂಥ ಅಣ್ಣ ಯಾರಿಗೂ ಸಿಗಲ್ಲ. ನನ್ನ ಕಾಲು ನೋಯುತ್ತೆ ಅಂತ ಮಟ್ಟನ್ನೇ ಬೇಗ ಮುಗಿಸೋನು ನನ್ನಣ್ಣ...

"ನನಗೆ ಹದಿನೇಳು. ಏಪ್ರಿಲ್ ತಿಂಗಳು, ಚಿಕ್ಕಪ್ಪನ ಮಗಳ ಮದುವೆ. ಸೋಮವಾರ ಅಣ್ಣ ಹೊಳೆ ಕೆಲಸಕ್ಕೆ ಹೊರಡಬೇಕು. ಕುಣಿಯೋರಿಗೆ ಹೆಜ್ಜೆ ಕೂಗಿ ಹೇಳೋಕೆ ಪೇಟೆಯಿಂದ ಒನೆಸಿಮ್ ಅನ್ನೋನು ಬಂದಿದ್ದ, ಎಣ್ಣೆ ಹಾಕಿ ಬಾಚಿದ ಕೂದಲು, ಬಿಳೀ ಹಲ್ಲು... ಏನು ನಗ್ತೀರಾ? ನಾನೇನು ಮುದುಕಿಯಾಗೇ ಹುಟ್ಟಿದ್ನಾ? ಅಣ್ಣ ಮೆಡೆರಿಕ್‌ನ ಮಟ್ಟು ಎತ್ತಿದ. ಖಾಲಿ ಜಾಗ ಬಂದಾಗೆಲ್ಲ ಕುಣೀತಿದ್ದ ಪೇಟೆಯೋರು ಮುಗ್ಗರಿಸೋರು. ಒನೆಸಿಮ್ ಎಲ್ಲರ ಮುಂದೆ ಕೂಗಿದ: 'ಏನಯ್ಯಾ ವಿಲ್ಬ್ರೋ, ನಿನ್ನ ಮಟ್ಟಿಗೆ ಒಂದು ಕಾಲಿಲ್ವಾ? ಲೇ ಹುಡುಗಿ, ನಿನಗೆ ಎರಡಿದೆಯಲ್ಲ, ಒಂದು ಕೊಡೇ!' ಮನೆಯೆಲ್ಲ ಗೊಳ್ ಅಂತ ನಕ್ಕಿತು. ನನಗೆ ನಾಚಿಕೆ, ಅದರ ಜೊತೆಗೆ ಅವನು ನನ್ನ ಕಡೆ ನೋಡಿದನಲ್ಲ ಅನ್ನೋ ಹಿಗ್ಗು. ಮುಂದಿನ ಸುತ್ತಲ್ಲಿ ಆ ಜಾಗ ಬಂತು... ನಾನು ಕಾಲಿಟ್ಟೆ.

"ನನ್ನ ಹಿಮ್ಮಡಿ ಹಲಗೆ ಮೇಲೆ ಬೀಳಲಿಲ್ಲ ಕಣ್ರೋ. ಒದ್ದೆ ತೊಗಲಿನ ಮೇಲೆ ಬಿತ್ತು. ಒಳಗೆ ಕಾಲ್ಬೆರಳುಗಳಿದ್ವು... ಮುದುಡಿಕೊಂಡಿದ್ದು ನನಗೆ ತಿಳೀತು. ನಾನು ಮೆಡೆರಿಕ್‌ನ ಕಾಲು ತುಳಿದಿದ್ದೆ.

"ಕುಣಿತ ಒಂದೂ ತಪ್ಪದೆ ಸಾಗಿತು. ಎಲ್ಲರೂ ಭೇಷ್ ಅಂದ್ರು. ಮುಗಿದ ಮೇಲೆ ಕುರ್ಚಿ ಕೆಳಗೆ ನೋಡ್ತೀನಿ, ಅಣ್ಣನ ಕುರ್ಚಿಗೂ ನನ್ನದಕ್ಕೂ ನಡುವೆ ನೀರು. ಹಲಗೇಲಿ ಮೊಳೆ ಊರಿದ ಗುರುತು, ದಿಮ್ಮಿ ಕೆಲಸದೋರ ಬೂಟಿನ ಅಡಿಗೆ ಇರುತ್ತಲ್ಲ, ಅಂಥ ಮೊಳೆ. ಅಣ್ಣ ಮದುವೆಗೆ ಹಾಕ್ಕೊಂಡಿದ್ದು ನುಣ್ಣನೆ ಅಡಿಯ ಬೂಟು.

"ಮಾರನೇ ದಿನ ಭಾನುವಾರ, ಅಣ್ಣ ಮನೇಲಿ ಅದೇ ಮಟ್ಟು ಬಾರಿಸಿದ. ಖಾಲಿ ಜಾಗ ಎಂದಿನ ಹಾಗೇ ಇತ್ತು. ಆದರೆ ಅದಕ್ಕೂ ನಾಲ್ಕು ಪೆಟ್ಟು ಮುಂಚೆ ಕಮಾನು ಇನ್ನೊಂದು ಸಲ ನಿಂತಿತು. ಮತ್ತೆ ಬಾರಿಸಿದ, ಅಲ್ಲೇ ನಿಂತಿತು. 'ನೋಡೇ ಎಕ್ಸಿಲ್ಡಾ, ಕೈ ನನ್ನ ಮಾತೇ ಕೇಳ್ತಿಲ್ಲ' ಅಂತ ನಕ್ಕ. ಆ ಹೊಸ ಖಾಲಿ ಜಾಗ ಯಾರಿಗೆ ಅಂತ ನನಗೆ ಗೊತ್ತಾಯ್ತು. ಹೇಳಬೇಕಿತ್ತು. 'ಅಣ್ಣಾ, ನಾನು ತುಳಿದುಬಿಟ್ಟೆ, ಈ ವರ್ಷ ಹೊಳೆಗೆ ಇಳೀಬೇಡ' ಅಂದಿದ್ರೆ ಅವನು ನಿಲ್ತಿದ್ದ, ನನ್ನ ಮಾತು ಯಾವತ್ತೂ ತೆಗೆದುಹಾಕಿದೋನಲ್ಲ. ಆದರೆ ಬೈತಾನೆ ಅಂತ ಭಯ. ಒನೆಸಿಮ್‌ಗೋಸ್ಕರ ಕಾಲಿಟ್ಟೆ ಅಂತ ಗೊತ್ತಾದ್ರೆ ಅಂತ ನಾಚಿಕೆ. ಸೋಮವಾರ ಬೆಳಿಗ್ಗೆ ಬ್ರೆಡ್ಡು, ಹಂದಿಮಾಂಸ ಕಟ್ಟಿಕೊಟ್ಟೆ, ಕೆನ್ನೆಗೆ ಮುತ್ತಿಟ್ಟು ಕಳಿಸಿದೆ. ಗುರುವಾರ ಪಾದ್ರಿಗಳು ಬಾಗಿಲು ತಟ್ಟಿದ್ರು. ಅಣ್ಣನ ಬೂಟೂ ಸಿಗಲಿಲ್ಲ.

"ತುಳಿದ ಕಾಲು ನನ್ನದು. ಹೋದ ಜೀವ ಅವನದು. ಈ ಅರವತ್ತೇಳು ವರ್ಷದಲ್ಲಿ ಒಂದು ದಿನಾನೂ ಅದನ್ನ ನಾನು ಮರೆತಿಲ್ಲ, ದೇವರಾಣೆ."

ಅಜ್ಜಿ ಕಣ್ಣೊರೆಸಿಕೊಂಡು ಪಿಟೀಲು ಎತ್ತಿದಳು. ಮಟ್ಟು ಚುರುಕಾಗಿ ಓಡಿತು. ಎರಡನೇ ಭಾಗದಲ್ಲಿ ಕಮಾನು ಒಮ್ಮೆ ನಿಂತಿತು, ನಾಲ್ಕು ಪೆಟ್ಟಿನ ನಂತರ ಇನ್ನೊಮ್ಮೆ. ಮತ್ತೆ ಮೊದಲಿಗೆ ಹೋದವಳು, ಮೊದಲನೇ ಭಾಗದ ನಡುವೆ ಯಾರೋ ಮೊಣಕೈ ಹಿಡಿದಂತೆ ತಟ್ಟನೆ ನಿಂತಳು.

"ಇದ್ಯಾವುದಜ್ಜಿ, ಮೂರನೇದು?" ಅಂದ ರೆಜಾನ್. ಅವನ ಮುಖದಲ್ಲಿ ನಗು ಇರಲಿಲ್ಲ.

"ನಾನು ಮಾಡಿದ್ದಲ್ಲ ಮಗಾ. ಸೋಮವಾರದಿಂದ ಬರ್ತಿದೆ. ಮೊನ್ನೆ ಭಾನುವಾರ ಚರ್ಚಿನ ಹಾಲ್‌ನಲ್ಲಿ ಬಾರಿಸಿದ್ನಲ್ಲ... ಚಪ್ಪಾಳೆ ಬೇಡ, ಕಾಲು ಬೇಡ ಅಂತ ಮೊದಲೇ ಹೇಳಿದ್ದೆ. ನೀವು ಎಳೆಯರು, ಹುರುಪು. ಹಾಲ್ ಪೂರ್ತಿ ಚಪ್ಪಾಳೆ, ಕಾಲು... ಆ ಖಾಲಿ ಜಾಗದಲ್ಲಿ ಒಂದು ಹಿಮ್ಮಡಿ ಮೆತ್ತಗೆ ಬಿತ್ತು. ಹಲಗೆ ಸದ್ದಲ್ಲ. ಆ ಸದ್ದು ಹೇಗಿರುತ್ತೆ ಅಂತ ಇಡೀ ಊರಲ್ಲಿ ನನಗೊಬ್ಬಳಿಗೇ ಗೊತ್ತು.

"ತುಳಿದೋರು ಯಾರು ಅಂತ ನಾನು ಕೇಳಲ್ಲ. ಅವರಿಗೇನೂ ಆಗಲ್ಲ, ನನಗೇನಾಯ್ತು? ನನ್ನ ಹಾಗೆ ಬಾಯಿ ಮುಚ್ಕೊಂಡು ಮಾತ್ರ ಇರಬೇಡಿ... ಭಾನುವಾರ ನಿಮ್ಮ ಪಕ್ಕದಲ್ಲಿ ಯಾರು ಕೂತಿದ್ರು, ನೆನಪು ಮಾಡ್ಕೊಳ್ಳಿ."