ಆಣೆ ಇಡುವ ಕುಲ

ಬೇತಮಂಗಲದ ಬಸ್ಸಿನಲ್ಲಿ ನನ್ನ ಮುಂದೆ ಇಬ್ಬರು ಓರಗಿತ್ತಿಯರು ಕೂತಿದ್ದರು. ಕಿರಿಯವಳು ಸುಕನ್ಯ, ಗಂಡನ ಮೇಲೆ ಕುದಿಯುತ್ತಿದ್ದಳು.

“ಮೊಬೈಲ್ ಗೇಮಲ್ಲಿ ಆಯಪ್ಪಂದು ಕೋಟೆ ಕಾಯೋ ಕುಲ ಅಕ್ಕ. ಆಣೆ ಇಟ್ರೆ ಪ್ರಾಣ ಓದ್ರೂ ಜಾಗ ಬಿಡಂಗಿಲ್ವಂತೆ.”

“ಡೈರಿಗೆ ಆಲು ಆಕೋಕೂ ಆಗಲ್ಲ ನಮ್ಮ ಮೈದ್ನ ಮುನೇಶಂಗೆ!”

“ಅದೇ! ಅಲ್ಲಿ ಯಾವ್ಯಾವಳಿಗೋ ಕಾವಲು ನಿಲ್ತಾನೆ. ಒಟ್ಟೆ ಉರೀತು. ನಾನೂ ಬೇರೆ ಎಸ್ರಲ್ಲಿ ಸೇರ್ಕೊಂಡೆ.”

“ಅಯ್ಯೋ, ಆಮೇಲೆ?”

“ನಂಗೂ ಆಣೆ ಇಟ್ಟ. ಶತ್ರುಗಳು ಮುತ್ಕೊಂಡ್ರೂ ನನ್ನ ಬಾಗಿಲು ಬಿಟ್ಟು ಅಲ್ಲಾಡ್ಲಿಲ್ಲ.”

“ಅದು ನೀನೇ ಅಂತ ಏಳ್ಬುಡು ಕಣೇ!”

“ಏಳಿದ್ರೆ ಕಾವಲು ನಿಲ್ಲೋದೇ ಬಿಟ್ಬುಡ್ತಾನೆ. ಅವ್ಳೂ ನಾನೇ, ಆದ್ರೂ ಅವ್ಳ ಮೇಲೇ ಒಟ್ಟೆಕಿಚ್ಚು ನಂಗೆ.”

ಬಸ್ಸು ನಿಂತಿತು. ಸುಕನ್ಯ ಕಿಟಕಿಯಿಂದ ಇಣುಕಿದಳು.

“ಗಾಡಿ ತತ್ತೀನಿ ಅಂದಿದ್ದ, ಬಂದಿಲ್ಲ ನೋಡು. ಅವ್ಳು ನಾನೇ ಅಂತ ಏಳಲ್ಲ ಕಣಕ್ಕ. ಆ ಗೇಮಲ್ಲಾದ್ರೂ ನಂಗೋಸ್ಕರ ನಿಂತಿರ್ಲಿ.”

ಇಬ್ಬರೂ ಚೀಲ ಹೊತ್ತು ಇಳಿದು ನಡೆದರು.